ಕತ್ಸುರೋ ತುಂಬಿಟ್ಟ ಜಾಡಿ

ಕತ್ಸುರೋ,

ನೀನೀಗ ಯಾವ ಊರಲ್ಲಿದ್ದೀಯೋ ತಿಳಿಯದು. ಇವತ್ತು ಬೆಳಿಗ್ಗೆ ನಮ್ಮ ಭಟ್ಟಿಮನೆಯಲ್ಲಿ ನೀನು ತುಂಬಿಟ್ಟಿದ್ದ ಗೆಣಸಿನ ಶೋಚು ಮದ್ಯದ ಜಾಡಿ ತೆರೆದೆವು. ಹದಿನಾಲ್ಕು ವರ್ಷವಾಯಿತು. ಅಂದು ರುಚಿ ನೋಡಿ, ಕೆಟ್ಟಿದೆ ಎಂದವನು ನಾನು. ಆ ವಾರವೇ ನಿನ್ನನ್ನು ಕೆಲಸದಿಂದ ಬಿಡಿಸಿದರು. ಚೆಲ್ಲಲು ಮನಸ್ಸಾಗದೆ ಯಜಮಾನತಿ ಜಾಡಿಯನ್ನು ಮುಚ್ಚಿಸಿಟ್ಟಿದ್ದರು.

ಇವತ್ತು ಅವರೇ ಮೊದಲ ಗುಟುಕು ಕುಡಿದರು. "ಅಯ್ಯೋ, ಎಷ್ಟು ನುಣ್ಣಗೆ ಇಳಿಯುತ್ತೋ! ಇದನ್ನ ಕೆಟ್ಟಿದೆ ಅಂದ ಪುಣ್ಯಾತ್ಮ ಯಾರಪ್ಪಾ?" ಎಂದು ನಕ್ಕರು. ಅವರಿಗೆ ಮರೆತೇಹೋಗಿದೆ.

ನಾನು ಲೋಟ ಎತ್ತಿದೆ, ಕೆಳಗಿಟ್ಟೆ, ಬಾಗಿಲವರೆಗೆ ಹೋಗಿ ಬಂದೆ.

"ಯಾಕೋ ಬೆಕ್ಕಿನ ಥರ ಸುತ್ತುತೀಯ? ಕುಡಿಯೋ!"

ಕುಡಿದೆ. ಬಹಳ ಚೆನ್ನಾಗಿದೆ.

ಅಂದೂ ಚೆನ್ನಾಗಿಯೇ ಇತ್ತು, ಕತ್ಸುರೋ.

ಹರುಯೋಶಿ