ಕರಡಿರಾಯನ ಗಂಟಲು

ಮನೆಯಿಂದ,
ಜೂನ್ ೧೪, ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯ? ನಿನಗೆ ಬೆನ್ನುನೋವು ಅಂತ ನಿಮ್ಮಮ್ಮ ಫೋನಿನಲ್ಲಿ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಒಂದೇ ಕಡೆ ತುಂಬಾ ಹೊತ್ತು ಕೂರಬೇಡ. ಏಳು ವರ್ಷ ಆದಮೇಲೆ ಅಪ್ಪನ ಕಾಗದ ಬಂತಲ್ಲ ಅಂತ ಗಾಬರಿಯಾಗಬೇಡ, ನಾವಿಬ್ಬರೂ ಗಟ್ಟಿಮುಟ್ಟಾಗೇ ಇದ್ದೀವಿ.

ಬಸ್ ನಿಲ್ದಾಣದ ಮೈಕಿನಲ್ಲಿ ಮೂವತ್ತು ವರ್ಷ ಕೂಗಿದ ಈ ಗಂಟಲಿಗೆ ನಿವೃತ್ತಿ ಆದಮೇಲೂ ಕೆಲಸ ಸಿಕ್ಕಿದೆ ನೋಡು. ಮಕ್ಕಳ ಕಾರ್ಟೂನಿನಲ್ಲಿ ಕರಡಿರಾಯನ ಮಾತು ನನ್ನದು. ಹಳ್ಳಿಯಲ್ಲಿ ಮೊಲದ ಹುಡುಗಿಗೂ ಅಳಿಲಿನ ಹುಡುಗನಿಗೂ ಮದುವೆ. ಗಂಡಿನ ಕಡೆಯವರು ಬರಬಾರದು ಅಂತ ಕರಡಿರಾಯ ಸೇತುವೆಯ ಹಲಗೆ ಕಿತ್ತುಹಾಕ್ತಾನೆ. "ಮೊಲದ ಮನೆಗೆ ಅಳಿಲು ಅಳಿಯನೇ?" ಅಂತ ನಾನು ಗುಡುಗಿದರೆ ಗಾಜಿನಾಚೆ ಕೂತ ನಿರ್ದೇಶಕಿ ಹೊಟ್ಟೆ ಹಿಡ್ಕೊಂಡು ನಗ್ತಾಳೆ. ನಿನ್ನ ವಾರಿಗೆಯವಳೇ. ರೆಕಾರ್ಡಿಂಗ್ ಕೋಣೆಯ ಗೋಡೆಗೆಲ್ಲ ಹಳೇ ಕಂಬಳಿ ಹೊಡೆದಿದ್ದಾರೆ, ಸದ್ದಾಗುತ್ತೆ ಅಂತ ಫ್ಯಾನೂ ಹಾಕಲ್ಲ. ಬೆವರಿ ಬೆವರಿ ನಾನು ನಿಜವಾದ ಕರಡಿಯೇ ಆಗಿಬಿಡ್ತೀನಿ.

ನಿನ್ನೆ ಹಾಳೆಯಲ್ಲಿ ಹೀಗೊಂದು ಮಾತಿತ್ತು: "ನಾನು ಬದುಕಿರೋವರೆಗೂ ಈ ಮದುವೆ ನಡೆಯಲ್ಲ." ಓದಿ ಹಾಳೆ ಕೆಳಗಿಟ್ಟುಬಿಟ್ಟೆ ಮಗಳೇ. ಅವತ್ತು ನೀನು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೊಸಿಲಲ್ಲಿ ನಿಂತಿದ್ದಾಗ ನಾನಂದದ್ದೂ ಇದೇ, ಒಂದಕ್ಷರ ಆಚೀಚೆ ಇಲ್ಲ. ನಾಲ್ಕು ಸಲ ಹೇಳಿದೆ, ನಾಲ್ಕು ಸಲವೂ ಅತ್ತ ಹಾಗೇ ಕೇಳಿಸಿತು. "ಸಾರ್, ಕರಡಿಗೆ ಬರಬೇಕಾದ್ದು ಸಿಟ್ಟು, ಅಳು ಅಲ್ಲ" ಅಂದಳು ಆ ಹುಡುಗಿ. ಆಮೇಲೆ ಒಳಗೆ ಬಂದು ನೀರು ಕೊಟ್ಟು ಪಕ್ಕದಲ್ಲಿ ಕೂತಳು. ಬೇಡಬೇಡ ಅಂದುಕೊಂಡೇ ಎಲ್ಲ ಹೇಳಿಬಿಟ್ಟೆ. ಕಥೆಯ ಕೊನೇಲಿ ಕರಡಿರಾಯ ಹೊಳೆಗೆ ಬೀಳ್ತಾನೆ, ಊರೆಲ್ಲ ನಗುತ್ತೆ. ಅವನೇ ಹಲಗೆ ಜೋಡಿಸಿ ಮದುವೆಮನೆಗೆ ಹೋಗೋ ಹಾಗೆ ಮಾಡೋಕಾಗಲ್ವಾ ಅಂತ ಕೇಳಿದೆ. "ಚಿತ್ರ ಬರೆದಾಗಿದೆ ಸಾರ್. ಆದರೆ ನೀವು ಹೋಗಬಹುದಲ್ಲ?" ಅಂದಳು.

ಆಮೇಲೆ ಹಾಳೆಯಲ್ಲಿದ್ದ ಆ ಮಾತನ್ನ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಇನ್ನು ಅದು ಕರಡಿಯ ಪಾಲಿಗೇ ಇರಲಿ.

ನೀವಿಬ್ಬರೂ ನೂರು ಕಾಲ ತಣ್ಣಗಿರಿ. ಇದನ್ನ ಅವತ್ತೇ ಹೇಳಬೇಕಿತ್ತು. ತಪ್ಪಾಯ್ತು ಕಂದಾ.

ನಿನ್ನ
ಅಪ್ಪ

ಹೇಳೋದೇ ಮರೆತೆ: ಮುಂದಿನ ತಿಂಗಳ ಮೊದಲ ಗುರುವಾರ ನಿಮ್ಮಮ್ಮನನ್ನೂ ಕರ್ಕೊಂಡು ಅಲ್ಲಿಗೆ ಬರೋಣ ಅಂತಿದ್ದೀನಿ. ಬೇಡ ಅನ್ನಿಸಿದರೆ ಅಮ್ಮನಿಗೆ ಹೇಳು, ಬೇಜಾರು ಮಾಡ್ಕೊಳ್ಳಲ್ಲ. ಅಳಿಯಂದಿರನ್ನ ನಾನು ಒಂದು ಸಲನೂ ಹೆಸರು ಹಿಡಿದು ಕರೆದವನಲ್ಲ. ಮನೇಲಿ ಅವರನ್ನ ಏನಂತ ಕರೀತೀಯ, ಅದೊಂದು ಬರೆದು ತಿಳಿಸು. ಬರೋದರೊಳಗೆ ಬಾಯಿಗೆ ರೂಢಿ ಮಾಡ್ಕೋತೀನಿ.