ಸ್ವಿಚ್ ಆರಿಸಿದರೆ ಮಾಯವಾಗುವ ಮಾಲಿನ ಕಳ್ಳತನದ ಬಗ್ಗೆ

ವಾಚನಾಲಯದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಮಾನ್ಯರೇ ಎಂದು ಬರೆಯಲು ಕೈ ಏಳುತ್ತಿರಲಿಲ್ಲ, ಬಲವಂತವಾಗಿ ಎಬ್ಬಿಸಿದ್ದೇನೆ. ನಿಮ್ಮಲ್ಲಿ ಸಹಾಯಕಿಯಾಗಿದ್ದ ನನ್ನ ಅಕ್ಕನನ್ನು ಕಳ್ಳಿಯೆಂದು ಬರೆದು ಅಮಾನತು ಮಾಡಿದ್ದೀರಿ. ಕಳುವಾದ ಮಾಲು, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಮಾಡ್ಯೂಲ್, ಅಂದರೆ ತಂತ್ರಾಂಶದ ತುಣುಕು. ಅದರ ಉದ್ದ, ಅಗಲ, ಬಣ್ಣ ಯಾವುದೆಂದು ದೂರಿನಲ್ಲಿ ನಮೂದಿಸಲು ಮರೆತಿರೇನೋ?

ನಿಮ್ಮ ಕಂಪ್ಯೂಟರುಗಳಿಗೆ ಹಾರ್ಡ್ ಡಿಸ್ಕ್ ಇಲ್ಲ. ಪೆನ್‌ಡ್ರೈವ್ ಚುಚ್ಚಿದರೆ ಇಡೀ ವ್ಯವಸ್ಥೆ ಎದ್ದು ಓಡುತ್ತದೆ. ಓಡುತ್ತಿರುವಾಗಲೇ ಅದಕ್ಕೆ ಹೊಸ ಮಾಡ್ಯೂಲ್ ಸೇರಿಸಬಹುದು, ಆದರೆ ಸ್ವಿಚ್ ಆರಿಸಿದರೆ ಸೇರಿಸಿದ್ದೆಲ್ಲ ಮಾಯ. ಉಳಿಯಬೇಕಾದರೆ ಪೆನ್‌ಡ್ರೈವಿನ ಮಾಡ್ಯೂಲ್ ಫೋಲ್ಡರಿಗೇ ಹಾಕಬೇಕು. ತಾವೋ, ಹೊಸದೇನೂ ಬರೆಯಲಾಗದಂತೆ ಆ ಪೆನ್‌ಡ್ರೈವುಗಳ ಬೀಗದ ಗುಂಡಿಗೆ ಅರಗಿನ ಮುದ್ರೆ ಒತ್ತಿಸಿದ್ದೀರಿ. ಮುದ್ರೆ ಒಡೆಯಲು ಅಪ್ಪಣೆ ಕೇಳಿ ಅಕ್ಕ ಕೊಟ್ಟ ಮೂರು ಅರ್ಜಿಗಳು ನಿಮ್ಮ ಮೇಜಿನ ಮೇಲೆ ಸುಖನಿದ್ರೆಯಲ್ಲಿವೆ.

ಹಾಗಾಗಿ ಅವಳು ದಿನಾ ಬೆಳಿಗ್ಗೆ ತನ್ನ ಸ್ವಂತ ಪೆನ್‌ಡ್ರೈವ್ ತಂದು ಕಿಟಕಿ ಪಕ್ಕದ ಯಂತ್ರಕ್ಕೆ ಆ ಓದುವ ಮಾಡ್ಯೂಲನ್ನು ಸೇರಿಸುತ್ತಿದ್ದಳು. ಯಾರಿಗಾಗಿ? ಕಣ್ಣು ಕಾಣದ, ಪೇಪರ್ ಕೇಳಲೆಂದೇ ಬರುವ ಒಬ್ಬ ನಿವೃತ್ತ ಟೆಲಿಫೋನ್ ಆಪರೇಟರ್ ಅಜ್ಜಿಗಾಗಿ. ತಪಾಸಣೆಯ ಮಧ್ಯಾಹ್ನ ಆ ದನಿ ಕೇಳಿ ಹಿಗ್ಗಿದ ತಾವು ದಾಸ್ತಾನು ಪುಸ್ತಕದಲ್ಲಿ ‘ಓದುವ ಮಾಡ್ಯೂಲ್, ಒಂದು’ ಎಂದು ಬರೆದುಕೊಂಡಿರಿ. ಮರುದಿನ ಅಕ್ಕ ಬರುವ ಮೊದಲೇ ಯಂತ್ರ ಹಚ್ಚಿ ನೋಡಿದಿರಿ. ಇಲ್ಲ.

“ನಿನ್ನೆ ಇತ್ತು, ಇವತ್ತಿಲ್ಲ. ಕಾಲು ಬಂದು ಎದ್ದು ಹೋಯ್ತೇನಮ್ಮಾ?” ಎಂದಿರಂತೆ, ಎಲ್ಲರೆದುರು. ಅಕ್ಕ ವಿವರಿಸಿದಳು, ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದಳು. ತಮಗೆ ಅರ್ಥವಾಗಲಿಲ್ಲವೆಂದು ಪಾಪ, ನಾನೂ ನಂಬಿದ್ದೆ.

ಕಳೆದ ವಾರ ಅಮಾನತಿನ ಆದೇಶಕ್ಕೆ ಅವಳ ಉತ್ತರಪತ್ರ ಕೊಡಲು ನಾನೇ ನಿಮ್ಮ ಕೋಣೆಗೆ ಬಂದಿದ್ದೆ. ತಾವು ಕೈ ತೊಳೆಯಲು ಹೋಗಿದ್ದಿರಿ, ತಮ್ಮ ಮೇಜಿನ ಯಂತ್ರ ಓಡುತ್ತಿತ್ತು. ಎಲ್ಲರ ಪೆನ್‌ಡ್ರೈವಿಗೂ ಅರಗು, ತಮ್ಮದಕ್ಕೆ ಮಾತ್ರ ವಿನಾಯಿತಿ. ಅಕ್ಕನ ಪೆನ್‌ಡ್ರೈವಿನಿಂದ ಅದೇ ಮಾಡ್ಯೂಲನ್ನು ಅದಕ್ಕೆ ಸೇರಿಸಿದೆ, ಅಳಿಯದಂತೆ ಫೋಲ್ಡರಿಗೂ ಹಾಕಿದೆ. ದನಿಯನ್ನು ಓದುವ ಹಾಲ್‌ನ ಸ್ಪೀಕರಿಗೆ ತಿರುಗಿಸಿದೆ. ತಪ್ಪೇ, ಒಪ್ಪಿಕೊಂಡಿದ್ದೇನೆ. ಅರ್ಧ ಗಂಟೆ ತಮ್ಮನ್ನು ಗೋಳು ಹೊಯ್ದುಕೊಂಡು ನಗಬೇಕೆಂದಷ್ಟೇ ಇದ್ದೆ.

ತಾವು ಬಂದು ಬಾಗಿಲು ಹಾಕಿ ಮೇಲಿನವರಿಗೆ ಪತ್ರ ಟೈಪು ಮಾಡತೊಡಗಿದಿರಿ. ಹೊರಗೆ ಹಾಲ್‌ನಲ್ಲಿ ಸ್ಪೀಕರು ನಿಧಾನವಾಗಿ ಓದಿತು: “ಮಾಡ್ಯೂಲ್ ತಾನಾಗಿ ಅಳಿಯುವಂಥದ್ದೆಂದು ನನಗೆ ತಿಳಿದಿದೆ. ಆದರೆ ಪುಸ್ತಕದಲ್ಲಿ ಬರೆದಾಗಿದೆ. ತಪ್ಪು ನನ್ನದಾಗುವ ಬದಲು ಸಹಾಯಕಿಯನ್ನು ವಜಾ ಮಾಡುವುದು ಸುಲಭ.”

ಪೇಪರ್ ಓದುತ್ತಿದ್ದವರೆಲ್ಲ ಸ್ಪೀಕರಿನತ್ತ ತಿರುಗಿದರು. ಆಗ ಕಿಟಕಿ ಪಕ್ಕ ಕುಳಿತಿದ್ದ ಆ ಟೆಲಿಫೋನ್ ಅಜ್ಜಿ ನನ್ನ ತೋಳು ಹಿಡಿದು, “ಮಗಾ, ಮೂವತ್ತು ವರ್ಷ ಊರಿನವರ ಮಾತೆಲ್ಲ ಕಿವಿಗೆ ಹಾಕ್ಕೊಂಡು ತುಟಿ ಬಿಚ್ಚದೆ ಇದ್ದವಳು ನಾನು. ಇದನ್ನ ಮಾತ್ರ ಹೊಟ್ಟೇಲಿ ಇಟ್ಕೊಳ್ಳಲ್ಲ. ಬರ್ಕೋ,” ಎಂದರು. ಸ್ಪೀಕರು ಓದಿದ್ದನ್ನು ಒಂದಕ್ಷರ ಬಿಡದೆ ಹೇಳಿದರು, ನಾನು ಬರೆದುಕೊಂಡೆ. ಕೇಳಿಸಿಕೊಂಡ ಹದಿನೇಳು ಮಂದಿಯೂ ಕೆಳಗೆ ಸಹಿ ಹಾಕಿದರು. ಆ ಹಾಳೆಯ ಪ್ರತಿ ಈ ಪತ್ರದ ಜೊತೆಗಿದೆ. ಮೂಲ ಎಲ್ಲಿದೆಯೆಂದು ಹೇಳುವಷ್ಟು ಒಳ್ಳೆಯವನಲ್ಲ ನಾನು.

ಸೋಮವಾರ ಬಾಗಿಲು ತೆರೆದೊಡನೆ, ಅಷ್ಟೇ ಜನರ ಎದುರು, ನನ್ನ ಅಕ್ಕ ಕದ್ದಿಲ್ಲ ಎಂಬ ಆದೇಶವನ್ನು ತಾವು ಓದಬೇಕು. ಯಂತ್ರದ ಬಾಯಿಂದಲ್ಲ, ನಿಮ್ಮ ಬಾಯಿಂದ. ಹಿಂದಿನ ಸಾಲಿಗೆ ಕೇಳಿಸದಿದ್ದರೆ ಮತ್ತೊಮ್ಮೆ ಓದಿಸುತ್ತೇವೆ.

ಇಂತಿ,
ಮಾಡಿದ ತಪ್ಪಿಗೆ ತನ್ನ ಹೆಸರಿನಲ್ಲೇ ಬೈಸಿಕೊಳ್ಳಲು ಸಿದ್ಧನಿರುವ,
ಸಹಾಯಕಿಯ ತಮ್ಮ