ತಮ್ಮನ ಹೆಸರಿನ ಹಸಿರು ಚುಕ್ಕೆ

೯ ಮಾರ್ಚ್ ೨೦೨೫, ಭಾನುವಾರ.

ತಮ್ಮ ನಿಶ್ಚಲ ತೀರಿಕೊಂಡ ಮೇಲೆ ಅವನ ಕಂಪ್ಯೂಟರನ್ನು ಇವತ್ತೇ ಮೊದಲ ಸಲ ಆನ್ ಮಾಡಿದೆ. ಶ್ರೀಗಂಧದ ಕಾವಲಿನಲ್ಲಿರುವ ಚಿಕ್ಕಮ್ಮನ ಮಗಳು ಶಿವಾನಿ ಅದನ್ನು ತನಗೆ ಕೊಡು ಎಂದು ಕೇಳಿದ್ದಳು. "ಅಕ್ಕಾ, ಕಾರ್ ರೇಸ್ ಗೇಮ್ ಅದ್ರಲ್ಲಿ ಓಡುತ್ತಾ, ನೋಡಿ ಹೇಳು" ಅಂದಿದ್ದಳು.

ಪಾಸ್‌ವರ್ಡ್ ಕೇಳಲೇ ಇಲ್ಲ. ಆಟ ಎಲ್ಲೂ ನಿಲ್ಲದೆ ಓಡಿತು. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅವನ ಹೆಸರಿನ ಪಕ್ಕ, ಅವನು ಆನ್‌ಲೈನ್ ಇದ್ದಾನೆ ಎನ್ನುವ ಹಸಿರು ಚುಕ್ಕೆ ಕಂಡಿತು. ಅವನ ಜೊತೆ ಆಡುತ್ತಿದ್ದವರು ಯಾರೋ ಬರೆದರು: "ಮಗಾ, ಬಂದ್ಯಾ? ಎಲ್ಲಿ ಹೋಗಿದ್ದೆ ಗುರು?"

ಅವರಿಗೆ ಯಾರೂ ತಿಳಿಸಿಲ್ಲ. 'ನಾನು ಅವನ ಅಕ್ಕ' ಎಂದು ಬರೆದು ಅಳಿಸಿದೆ. ಆ ಆಟದಲ್ಲಾದರೂ ಅವನು ಇನ್ನೂ ಇದ್ದಾನೆ. "ಬಂದೆ ಕಣೋ" ಎಂದು ಬರೆದೆ.

ಆಮೇಲೆ ಶಿವಾನಿಗೆ ಫೋನ್ ಮಾಡಿ, "ಹಳೇದು, ಓಡಲ್ಲ ಕಣೇ" ಅಂದೆ.

ಕಂಪ್ಯೂಟರ್ ಆರಿಸಲು ಮನಸ್ಸಾಗಲಿಲ್ಲ. ಅವನ ಕೋಣೆಯಿಂದ ಅದರ ಫ್ಯಾನಿನ ಸದ್ದು ಈಗಲೂ ಕೇಳಿಸುತ್ತಿದೆ.